ತಿಳಿಯಾದ ನೀರಿನ ಬೇಸಿಗೆ

ಹೋದ ತಿಂಗಳು ಮೊಮ್ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡಲು ವಿಜಯನಗರದ ಕಡೆ ಹೋಗಿದ್ದೆ. ಕ್ಲಾಸು ಮುಗಿಯುವವರೆಗೆ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕೋಣ ಎಂದು ಹೊರಟರೆ ಗಾಳಿ ತಿರುಗಿ ಆ ವಾಸನೆ ಬಂತು. ಹಸಿ ಹುಲ್ಲನ್ನು ಕುಯ್ದು ಮೂರು ದಿನ ಗೋಣಿಚೀಲದಲ್ಲಿ ಕಟ್ಟಿಟ್ಟು ಬಿಚ್ಚಿದ ಹಾಗೆ, ಅದರ ಜೊತೆಗೊಂದು ಕೆಸರಿನ ನಾತ. ವಾಕಿಂಗಿಗೆ ಬಂದವರು ಮೂಗು ಮುಚ್ಚಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು. ನಾನು ಮಾತ್ರ ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಎದುರಿಗೆ ಬಂದ ಒಬ್ಬರು ಇವನಿಗೆ ತಲೆ ಸರಿಯಿಲ್ಲ ಎನ್ನುವ ಹಾಗೆ ನೋಡಿಕೊಂಡು ಹೋದರು. ನೋಡಲಿ. ಆ ವಾಸನೆಯ ಜೊತೆ ಒಂದು ಇಡೀ ಬೇಸಿಗೆ ಕಳೆದವನು ನಾನು. ಆ ಬೇಸಿಗೆಯ ವಿಷಯದಲ್ಲಿ ನನಗೆ ಇವತ್ತಿಗೂ ಜಂಬ ಇದೆ, ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸೂ ಇದಲ್ಲ.

ನನ್ನ ಹೆಸರು ಗುರುಮಲ್ಲಪ್ಪ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ನಪಾಸು. ಯೂನಿವರ್ಸಿಟಿಯ ಒಂದು ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿ ಇಪ್ಪತ್ತೆಂಟು ವರ್ಷ ಗಾಜು ತೊಳೆದವನು. ನಾನು ತೊಳೆದ ಬೀಕರಿನಲ್ಲಿ ಒಂದೇ ಒಂದು ಹನಿ ಅಂಟಿ ನಿಂತಿರುವುದನ್ನು ಯಾರೂ ತೋರಿಸಲಾರರು. ನಮ್ಮಪ್ಪ ಅರಮನೆಯ ತೋಟಗಳಲ್ಲಿ ಪಾತಿಗೆ ನೀರು ಹಾಯಿಸುತ್ತಿದ್ದವನು. ನೀರು ಸುಮ್ಮನೆ ಹರಿದು ಹೋದರೆ ಮಕ್ಕಳ ಬೆನ್ನ ಮೇಲೆ ನಾಲ್ಕು ಬಿಡುತ್ತಿದ್ದ. ಅವನಿಂದ ನನಗೆ ಬಂದ ಆಸ್ತಿ ಎರಡೇ: ಮೂಗಿನ ತುದಿಯಲ್ಲಿರುವ ಕೋಪ, ಮತ್ತೆ ನೀರು ಚೆಲ್ಲಲಾಗದ ಕೈ. ಆ ಕೈಯೇ ಈ ಕಥೆಯಲ್ಲಿ ಎಡವಟ್ಟು ಮಾಡಿತು.

ಹೊಸ ಶತಮಾನ ಶುರುವಾಗಿ ಐದಾರು ವರ್ಷ ಆಗಿದ್ದಿರಬೇಕು. ಆ ವರ್ಷ ಶಿವರಾತ್ರಿ ಕಳೆಯುವುದರೊಳಗೇ ಬಿಸಿಲು ನೆತ್ತಿ ಸುಡತೊಡಗಿತ್ತು. ವಿಭಾಗದ ನಲ್ಲಿಗಳಲ್ಲಿ ಮೂರು ದಿನಕ್ಕೊಮ್ಮೆ ನೀರು. ಕೆರೆಯಲ್ಲೋ, ನೀರು ಇಳಿದಷ್ಟೂ ಮೇಲೆ ಹಸಿರು ಕೆನೆ ದಪ್ಪವಾಗುತ್ತಿತ್ತು. ಜನ ಅದನ್ನು ಪಾಚಿ ಎಂದರು. ಅದು ಬರಿಯ ಪಾಚಿ ಅಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ, ಒಳಗೆ ವಿಷ ಇಟ್ಟುಕೊಂಡಿರುತ್ತದೆ, ಕುಡಿದ ದನದ ಪಿತ್ತಜನಕಾಂಗ ಕೆಡಿಸುತ್ತದೆ ಎಂದು ಹೇಳಿದವರು ನಮ್ಮ ಮೇಷ್ಟ್ರು, ಪ್ರೊಫೆಸರ್ ಕೇಶವಮೂರ್ತಿಗಳು. ಲಕ್ಷ್ಮೀಪುರಂನ ಹಳೆಯ ಮನೆತನ, ತಾತನ ಕಾಲದಿಂದ ಓದು ಬರಹವೇ ಉಸಿರು. ಪ್ಯಾಂಟಿನ ಇಸ್ತ್ರಿ ಗೆರೆ ಮುರಿಯದ ಮನುಷ್ಯ, ಮಾತೂ ಹಾಗೆಯೇ.

ಮೇಷ್ಟ್ರ ಹತ್ತಿರ ಪಿಎಚ್‌ಡಿಗೆ ಓದುತ್ತಿದ್ದ ಹುಡುಗಿ ಹೇಮಾ. ಬಸ್ ಕಂಡಕ್ಟರ್ ಮಗಳು. ಬೆಳಿಗ್ಗೆ ನಾನು ಬೀಗ ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವಳ ಕೆಲಸ ಸತುವಿನ ಆಕ್ಸೈಡಿನ ಮೇಲೆ. ಮುಖದ ಪೌಡರಿನಲ್ಲಿ, ಹುಣ್ಣಿನ ಮುಲಾಮಿನಲ್ಲಿ ಇರುವ ಅದೇ ಬಿಳಿ ಪುಡಿ. ಆದರೆ ಅದನ್ನು ಅತಿ ಸಣ್ಣಗೆ, ಕೂದಲಿನ ಒಂದು ಎಳೆಯ ದಪ್ಪದಲ್ಲಿ ಸಾವಿರಗಟ್ಟಲೆ ಕಣ ಸಾಲು ನಿಲ್ಲುವಷ್ಟು ಸಣ್ಣಗೆ ಮಾಡುತ್ತಿದ್ದರು. ನ್ಯಾನೋ ಎಂಬ ಪದ ಆಗ ಎಲ್ಲರ ಬಾಯಲ್ಲೂ ಹೊಸದಾಗಿ ಓಡಾಡುತ್ತಿತ್ತು. ಕುಲುಮೆಯಲ್ಲಿ ಪುಡಿ ಸುಟ್ಟು ತೆಗೆಯುವಾಗ ಕೈಗೆ ಬಟ್ಟೆ ಸುತ್ತಿಕೊಂಡು ನಿಲ್ಲುತ್ತಿದ್ದವನು ನಾನು.

ಕೆರೆಯ ಹಸಿರನ್ನು ತಂದು ಫ್ಲಾಸ್ಕುಗಳಲ್ಲಿ ಬೆಳೆಸಿ, ಚಿಟಿಕೆ ಪುಡಿ ಹಾಕಿ, ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ನಾಲ್ಕು ದಿನಕ್ಕೆ ಹಸಿರು ಹಳದಿಗೆ ತಿರುಗಿ, ಬಿಳಚಿಕೊಂಡು, ತಳಕ್ಕೆ ಕೂರುತ್ತಿತ್ತು. ಹೇಮಾ ಅದನ್ನು ಕಾಗದದಲ್ಲಿ ಸೋಸುತ್ತಿದ್ದಳು. ಕಾಗದದ ಮೇಲೆ ಎಷ್ಟು ಹಸಿರು ಉಳಿಯಿತು ಎಂದು ಯಂತ್ರದಲ್ಲಿ ಅಳೆಯುವುದೇ ಅವಳ ಲೆಕ್ಕ. ಕೆಳಗೆ ಇಳಿದ ನೀರಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ, ಸೀದಾ ಸಿಂಕಿಗೆ. ಹಾಗೆ ಮಾಡುವುದೇ ಪದ್ಧತಿ. ವಾರ ವಾರಕ್ಕೂ ಹಸಿರಿನ ಅಂಕಿ ಕೆಳಗೆ ಬಿತ್ತು, ಮೇಷ್ಟ್ರ ಮುಖ ಅರಳಿತು.

ಸುದ್ದಿ ಹೇಗೋ ಕೆರೆ ಇದ್ದ ವಾರ್ಡಿನ ಕಾರ್ಪೊರೇಟರ್ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಬಿಳಿ ಶರ್ಟು, ಬಿಳಿ ಪ್ಯಾಂಟು ತೊಟ್ಟು ಬಂದು, ಹಸಿರು ಫ್ಲಾಸ್ಕನ್ನೂ ತಿಳಿಯಾದ ಫ್ಲಾಸ್ಕನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಸಾರ್, ಇದನ್ನ ನಮ್ ಕೆರೇಲಿ ಮಾಡಿ ತೋರಿಸ್ಬುಡಿ, ಊರೇ ನಿಮ್ಮನ್ನ ತಲೆ ಮೇಲೆ ಹೊತ್ಕೋತದೆ" ಅಂದರು. ಸರಿ, ದಿನ ಗೊತ್ತಾಯಿತು. ದನ ನೀರಿಗಿಳಿಯುವ ಇಳಿಜಾರಿನ ಮೂಲೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅಷ್ಟಕ್ಕೆ ಮಾತ್ರ ಪುಡಿ ಹಾಕಿ ತೋರಿಸುವುದು. ಪುಡಿಯ ಮೂಟೆಗಳನ್ನು ಕಾರ್ಪೊರೇಟರೇ ತರಿಸುವುದು. ನೀರು ತಿಳಿಯಾದರೆ ಆಮೇಲೆ ಇಡೀ ಕೆರೆಗೆ. ಹೇಮಾ ಖುಷಿಯಲ್ಲಿ ನಮಗೆಲ್ಲ ಮೈಸೂರು ಪಾಕ್ ತಂದು ಹಂಚಿದಳು.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ. ಊರಲ್ಲಿ ಕೊಡ ನೀರಿಗೆ ಜನ ಪರದಾಡುವಾಗ, ಕನ್ನಡಿಯ ಹಾಗೆ ತಿಳಿಯಾದ ನೀರನ್ನು ಸಿಂಕಿಗೆ ಸುರಿಯಲು ನನ್ನ ಕೈ ಬರಲಿಲ್ಲ. ಸೋಸಿದ ನೀರನ್ನೆಲ್ಲ ಕ್ಯಾನುಗಳಲ್ಲಿ ಹಿಡಿದಿಟ್ಟೆ. ಮೆಟ್ಟಿಲ ಪಕ್ಕದ ಕ್ರೋಟನ್ ಕುಂಡಗಳಿಗೆ ಹಾಕಿದೆ, ಅವು ಚೆನ್ನಾಗಿಯೇ ಇದ್ದವು. ಕಾರಿಡಾರಿನಲ್ಲಿ ಮೇಷ್ಟ್ರ ಗಾಜಿನ ತೊಟ್ಟಿ ಇತ್ತು, ಅದರಲ್ಲಿ ಹದಿನೇಳು ಗಪ್ಪಿ ಮೀನು. ಅಂಗಡಿಯಿಂದ ತಂದವಲ್ಲ. ಬಾಲದ ಬಣ್ಣ ನೋಡಿ ಜೋಡಿ ಮಾಡಿ, ಮರಿಗಳನ್ನು ಆರಿಸಿ, ವರ್ಷಗಟ್ಟಲೆ ಅವರೇ ಸಾಕಿದ ತಳಿ. ಅವರು ನಕ್ಕಿದ್ದನ್ನು ನೋಡಬೇಕಾದರೆ ಆ ತೊಟ್ಟಿಯ ಮುಂದೆ ನಿಂತಾಗಲೇ ನೋಡಬೇಕು. ಒಂದು ಶನಿವಾರ ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿತ್ತು, ನಲ್ಲಿ ಒಣಗಿತ್ತು. ನಾನು ಹಿಂದೆಮುಂದೆ ನೋಡದೆ ಎರಡು ಕ್ಯಾನ್ ನೀರು ಸುರಿದು, ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಸೋಮವಾರ ಬಂದು ನೋಡಿದರೆ ಹದಿನೇಳೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೇಷ್ಟ್ರು ಬಂದರು, ನಿಂತರು, ಕನ್ನಡಕ ತೆಗೆದು ಒರೆಸಿಕೊಂಡರು. "ನಲ್ಲಿ ನೀರಲ್ಲಿ ಕ್ಲೋರಿನ್ ಜಾಸ್ತಿ ಆಗಿರಬೇಕು ಬಿಡು" ಅಂದು ಒಳಗೆ ಹೋದರು. ಎಲ್ಲರೂ ಕ್ಲೋರಿನ್ ಎಂದರು. ನಾನೂ ತಲೆ ಆಡಿಸಿದೆ. ಶನಿವಾರ ನಲ್ಲಿಯಲ್ಲಿ ನೀರೇ ಇರಲಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಬೇರೆಯವರು ತಪ್ಪು ಮಾಡಿದರೆ ಎಗರಾಡುವ ನಾನು ನನ್ನ ತಪ್ಪಿಗೆ ಬಾಯಿ ಹೊಲಿದುಕೊಂಡು ಕೂತೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೀನು ಹೋದ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಯೋಚನೆ ಕೊರೆಯುತ್ತಿತ್ತು. ಮುಂದಿನ ಸೋಮವಾರ ಅದೇ ಪುಡಿ ಕೆರೆಗೆ ಬೀಳುತ್ತದೆ, ಅದೇ ತಿಳಿ ನೀರನ್ನು ದನ ಕುಡಿಯುತ್ತವೆ. ಚಾಮರಾಜಪುರಂನ ನಮ್ಮ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಪುಟ್ಟತಾಯಿ ತಟ್ಟೆ ಮುಂದೆ ಕೂತು ಕೇಳಿಯೇ ಬಿಟ್ಟಳು.

"ಅದೇನಾಗದೆ ಅಂತ ಬಾಯ್ ಬುಡ್ರೀ. ಎರಡು ದಿನದಿಂದ ಮುದ್ದೆ ಮುರುದು ತಟ್ಟೇಲೇ ಬುಟ್ಟು ಎದ್ದೋಯ್ತಿದ್ದೀರ."

ಹೇಳಿದೆ. ಎಲ್ಲ ಹೇಳಿದೆ. ಮೇಷ್ಟ್ರಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆ ಎಂದೂ ಹೇಳಿದೆ. ಅವಳು ಸಾರಿನ ಸೌಟು ಪಾತ್ರೆಗೆ ಇಳಿಸಿ, "ಮೀನು ಸತ್ತುದ್ಕೆ ಅವರು ಬೈತಾರೆ, ಬೈಸ್ಕಳಿ. ನಾಳಿಕೆ ಕೆರೇಲಿ ಎಮ್ಮೆ ಸತ್ರೆ ಯಾರ್ ಬೈಸ್ಕತಾರೆ?" ಅಂದಳು. ಮುದ್ದೆ ಮುಗಿಸಿ ಎದ್ದೆ.

ಬುಧವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿದ್ದ ಹೇಮಾಳಿಗೆ ಮೊದಲು ಹೇಳಿದೆ.

"ಅಯ್ಯೋ ಮಲ್ಲಪ್ಪಣ್ಣ, ಅದು ವೇಸ್ಟ್ ನೀರು ಅಲ್ವಾ. ಯಾಕೆ ಹಾಕೋಕ್ ಹೋದ್ರಿ?"

"ತಿಳಿಯಾಗಿತ್ತು ಕಣಮ್ಮ. ನೀವೇ ಎಲ್ರಿಗೂ ಎತ್ತಿ ತೋರಿಸ್ತಿದ್ರಲ್ಲ, ಎಷ್ಟು ಕ್ಲೀನಾಗಿದೆ ನೋಡಿ ಅಂತ."

ಅವಳ ಮುಖ ಸಪ್ಪಗಾಯಿತು. ಸತು ಮೀನಿಗೆ ಆಗುವುದಿಲ್ಲ, ಸೋಸಿದ ಮೇಲೂ ನೀರಿನಲ್ಲಿ ಅದರ ಅಂಶ ಉಳಿದಿರುತ್ತದೆ, ಅದೇ ಇರಬೇಕು ಎಂದಳು. ಇರಬೇಕು ಎನ್ನುವ ಮಾತಿಗೆ ತೃಪ್ತಿಪಡುವ ಹುಡುಗಿ ಅವಳಲ್ಲ. ಒಳಗೆ ಹೋದವಳೇ ನಾಲ್ಕು ಗಾಜಿನ ಜಾಡಿ ಕೇಳಿದಳು. ಒಂದಕ್ಕೆ ಬರೀ ನೀರು. ಎರಡನೆಯದಕ್ಕೆ ಹಸಿರಿಲ್ಲದೆ ಪುಡಿ ಮಾತ್ರ ಹಾಕಿಟ್ಟಿದ್ದ ನೀರು, ಯಂತ್ರದ ಹೋಲಿಕೆಗೆ ಅಂಥದ್ದೊಂದನ್ನು ಅವಳು ಯಾವಾಗಲೂ ಇಟ್ಟಿರುತ್ತಿದ್ದಳು. ಮೂರನೆಯದಕ್ಕೆ ಪುಡಿ ಹಾಕದ, ಬದುಕಿರುವ ಹಸಿರಿನ ನೀರು. ನಾಲ್ಕನೆಯದಕ್ಕೆ ಪುಡಿ ಹಾಕಿ ಹಸಿರು ಸತ್ತ ನೀರು. ಎಲ್ಲವನ್ನೂ ಸೋಸಿಯೇ ಹಾಕಿದ್ದು, ನಾಲ್ಕೂ ಒಂದೇ ಥರ ತಿಳಿಯಾಗಿದ್ದವು. ಒಂದೊಂದರಲ್ಲೂ ಇಪ್ಪತ್ತು ನೀರಿನ ಚಿಗಟ ಬಿಟ್ಟಳು. ಸಾಸಿವೆಗಿಂತ ಚಿಕ್ಕ ಹುಳು, ನೀರಿನಲ್ಲಿ ಕುಪ್ಪಳಿಸುತ್ತಿರುತ್ತವೆ.

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಭೂತಗನ್ನಡಿ ಹಿಡಿದು ಕೂತೆವು. ಬರೀ ನೀರಿನಲ್ಲಿ ಇಪ್ಪತ್ತೂ ಕುಣಿಯುತ್ತಿದ್ದವು. ಪುಡಿಯ ನೀರಿನಲ್ಲಿ ಆರು ಸತ್ತಿದ್ದವು. ಬದುಕಿದ ಹಸಿರಿನ ನೀರಿನಲ್ಲಿ ಎರಡು ಮಾತ್ರ. ನಾಲ್ಕನೆಯ ಜಾಡಿಯಲ್ಲಿ ಒಂದೂ ಅಲುಗಲಿಲ್ಲ. ಹೇಮಾ ಜಾಡಿಯನ್ನು ಮೆಲ್ಲಗೆ ತಟ್ಟಿದಳು, ಆಗಲೂ ಅಲುಗಲಿಲ್ಲ.

"ವಿಷ ಅದರ ಹೊಟ್ಟೆ ಒಳಗೇ ಇತ್ತು ಮಲ್ಲಪ್ಪಣ್ಣ" ಅಂದಳು. ದನಿ ಸಣ್ಣಗಾಗಿತ್ತು. "ನಾವು ಹೊಟ್ಟೆ ಬಗೆದು ನೀರಿಗೆ ಚೆಲ್ಲಿದ್ವಿ. ಕಾಗದದಲ್ಲಿ ಹೆಣ ಉಳೀತು, ವಿಷ ಕೆಳಗಿಳೀತು. ಮೂರು ವರ್ಷ ನಾನು ಹೆಣ ಅಳೀತಾ ಕೂತಿದ್ದೆ."

ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕಂಡಕ್ಟರ್ ಮಗಳು, ಡಾಕ್ಟರ್ ಎನಿಸಿಕೊಳ್ಳುವುದಕ್ಕೆ ಇನ್ನು ನಾಲ್ಕು ತಿಂಗಳಿತ್ತು. ತಲೆ ಎತ್ತದೆಯೇ ಕೇಳಿದಳು, "ಸೋಮವಾರ ಕಳೆದ ಮೇಲೆ ಸಾರ್‌ಗೆ ಹೇಳೋಣವಾ?"

"ಸೋಮವಾರ ಕಳೆದ ಮೇಲೆ ಹೇಳಿ ಯಾರಿಗೆ ತಿಥಿ ಮಾಡ್ಬೇಕು?" ಅಂದೆ. ಕೋಪ ಬಂದಿತ್ತು, ದನಿ ಎತ್ತಿಯೇ ಅಂದೆ. ಅಂದ ಮೇಲೆ ಪಾಪ ಅನ್ನಿಸಿತು. ನಾನು ತಾನೇ ಎಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ? ಅವಳು ಕಣ್ಣು ಒರೆಸಿಕೊಂಡು ಎದ್ದು, ನಾಲ್ಕನೆಯ ಜಾಡಿಯನ್ನು ತಾನೇ ಎತ್ತಿಕೊಂಡಳು. ನಾನು ಬಾಗಿಲು ತಟ್ಟಿದೆ.

ಮೇಷ್ಟ್ರು ಪೂರ್ತಿ ಕೇಳಿದರು, ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಮೀನಿಗೆ ನೀರು ಹಾಕಿದ್ದು ಯಾರು?" ಎಂದರು.

"ನಾನೇ ಸಾರ್. ಶನಿವಾರ."

ಅವರು ಕಿಟಕಿಯ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಕೆಲಸ ಹೋಯಿತೆಂದೇ ತಿಳಿದೆ. ತಿರುಗಿದವರು ಮೀನಿನ ಮಾತೇ ಎತ್ತಲಿಲ್ಲ.

"ಸೋಮವಾರದಿಂದ ಇವತ್ತಿನ ತನಕ ಬಾಯಲ್ಲೇನು ಕಡುಬು ತುಂಬ್ಕೊಂಡಿದ್ಯಾ ಮಲ್ಲಪ್ಪ? ನಾಲ್ಕು ದಿನ ಹಾಳು ಮಾಡಿದೆಯಲ್ಲಯ್ಯ. ಹೋಗು, ಜಾಡಿಗಳನ್ನೆಲ್ಲ ಹೊಸದಾಗಿ ತೊಳಿ. ಈ ಸಲ ನಾನೇ ಮಾಡಿ ನೋಡ್ತೀನಿ."

ಶನಿವಾರ, ಭಾನುವಾರ ಮೇಷ್ಟ್ರು ಲ್ಯಾಬ್ ಬಿಟ್ಟು ಕದಲಲಿಲ್ಲ. ತೋಳು ಮಡಿಸಿ ತಾವೇ ಸೋಸಿದರು. ಪ್ರತಿ ಜಾಡಿಯನ್ನೂ ಮೂರು ಮೂರು ಇಟ್ಟರು. ಯಾವುದರಲ್ಲಿ ಯಾವ ನೀರು ಎಂದು ನನಗೆ ತಿಳಿಯದಂತೆ ಬರೀ ನಂಬರ್ ಅಂಟಿಸಿ, "ನಾನು ಒಂದು ಸಲ, ಹೇಮಾ ಒಂದು ಸಲ, ನೀನು ಒಂದು ಸಲ ಎಣಿಸಬೇಕು. ಒಬ್ಬರು ಇನ್ನೊಬ್ಬರಿಗೆ ಹೇಳಬಾರದು" ಎಂದರು. ಗಣಿತದಲ್ಲಿ ನಪಾಸಾದವನ ಕೈಗೆ ಎಣಿಕೆ ಕೊಟ್ಟರು ನೋಡಿ. ಉಸಿರು ಬಿಗಿಹಿಡಿದು ಎಣಿಸಿದೆ. ಮೂವರ ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ಅಂಕಿಗಳು ಒಂದಕ್ಕೊಂದು ಕೂಡಿಕೊಂಡವು. ಹೇಮಾಳ ದಪ್ಪ ನೋಟ್‌ಬುಕ್ಕಿನಲ್ಲಿ ಮೇಷ್ಟ್ರು ಮೂರು ಗೆರೆ ಎಳೆದು ಮೂವರ ಎಣಿಕೆಯನ್ನೂ ಬರೆಸಿದರು. ಮೂರನೆಯ ಗೆರೆಯ ಮುಂದೆ ನನ್ನ ಹೆಸರಿತ್ತು. ಯಾರೂ ಇಲ್ಲದಾಗ ಆ ಪುಟವನ್ನು ಎರಡು ಸಲ ತೆಗೆದು ನೋಡಿದೆ.

ಸೋಮವಾರ ಕೆರೆಯ ಹತ್ತಿರ ಶಾಮಿಯಾನ ಹಾಕಿದ್ದರು. ಪತ್ರಿಕೆಯವರು ಬಂದಿದ್ದರು, ಬಡಾವಣೆಯವರು ಕುರ್ಚಿ ಹಿಡಿದು ಕೂತಿದ್ದರು. ಏರಿಯ ಆಚೆಗಿನ ಹಳೆಯ ಊರಿನವರು ಎಮ್ಮೆ ಹಸು ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದರು. ಅವರಿಗೆ ಇರುವ ನೀರು ಅದೊಂದೇ. ಮೇಷ್ಟ್ರು ಮೈಕಿನ ಮುಂದೆ ನಿಂತು, ಈ ಪುಡಿ ಹಾಕಬಾರದು, ನಾನು ಅವಸರಪಟ್ಟು ಒಪ್ಪಿಕೊಂಡಿದ್ದೆ, ತಪ್ಪು ನನ್ನದು ಎಂದರು. ಇಷ್ಟು ಜನರ ಎದುರಿಗೆ ಪ್ರೊಫೆಸರ್ ಒಬ್ಬರು ತಪ್ಪು ನನ್ನದು ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನ್ನ ಎದೆ ಉಬ್ಬಿತು. ಜನರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ.

ಕಾರ್ಪೊರೇಟರ್ ಮುಖ ಕೆಂಪಾಗಿತ್ತು. "ಪೇಪರ್‌ನೋರು ಬಂದವ್ರೆ ಸಾರ್. ಒಂದೇ ಒಂದು ಮೂಟೆ ಹಾಕಿ ತೋರಿಸ್ಬುಡಿ, ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ. ನೀರು ತಿಳಿಯಾಗ್ತದೋ ಇಲ್ವೋ, ಅದೇಳಿ."

"ತಿಳಿಯಾಗುತ್ತೆ" ಎಂದರು ಮೇಷ್ಟ್ರು. "ತಿಳಿಯಾಗೋದೇ ಅಪಾಯ."

ಜನ ಗೊಳ್ಳೆಂದು ನಕ್ಕರು. ಮೇಷ್ಟ್ರು ಸುತ್ತ ನೋಡಿ, ಹಿಂದೆ ನಿಂತಿದ್ದ ನನ್ನ ಕೈಗೆ ಮೈಕು ಕೊಟ್ಟರು. "ನೀನೇ ಹೇಳು ಮಲ್ಲಪ್ಪ. ನನ್ನ ಮಾತು ಇವರಿಗೆ ಹತ್ತುತ್ತಿಲ್ಲ."

ಹೇಳಿದೆ. ನಾನು ಗಾಜು ತೊಳೆಯೋನು, ಓದಿಲ್ಲ. ತಿಳಿಯಾಗಿತ್ತು ಅಂತ ಆ ನೀರನ್ನ ಈ ಕೈಯಲ್ಲೇ ಮೇಷ್ಟ್ರು ಮಕ್ಕಳಂಗೆ ಸಾಕಿದ್ದ ಮೀನಿಗೆ ಹುಯ್ದೆ. ಎರಡು ದಿನ ಕಳೆಯೋದ್ರೊಳಗೆ ಒಂದೂ ಉಳೀಲಿಲ್ಲ. ಹಸಿರಾಗಿರೋ ನೀರನ್ನ ದನ ಮೂಸಿ ನೋಡಿ ಹಿಂದೆ ಸರೀತಾವೆ. ತಿಳಿಯಾದ್ರೆ ಹೊಟ್ಟೆ ತುಂಬ ಕುಡೀತಾವೆ. ಇಷ್ಟೇ ನಾನು ಹೇಳಿದ್ದು. ಈ ಸಲ ಯಾರೂ ನಗಲಿಲ್ಲ.

ಎಮ್ಮೆಯ ಹಗ್ಗ ಹಿಡಿದಿದ್ದ ಕೆಂಪಮ್ಮ ಎಂಬ ಹೆಂಗಸು ಮುಂದೆ ಬಂದಳು. ಐವತ್ತು ದಾಟಿದವಳು, ದನಿ ಗಟ್ಟಿ.

"ಅಂಗಾರೆ ಈ ಹಸ್ರು ನೀರು ಕುಡುಸ್ಬೋದಾ?"

"ಅದೂ ಬ್ಯಾಡ ಕಣಮ್ಮ. ಅದರಲ್ಲೂ ವಿಷ ಅದೆ."

"ಇದೂ ಬ್ಯಾಡ, ಅದೂ ಬ್ಯಾಡ ಅಂದ್ರೆ ನಮ್ಮೆಮ್ಮೆ ಏನ್ ಗಾಳಿ ಕುಡ್ಕಂಡ್ ಬದುಕ್ಬೇಕಾ?"

ಮೈಕು ಹಿಡಿದುಕೊಂಡೇ ಕಾರ್ಪೊರೇಟರ್ ಕಡೆ ತಿರುಗಿದೆ. ಬೇಕೆಂದು ಮಾಡಿದ್ದಲ್ಲ, ಆದರೆ ಅಲ್ಲಿದ್ದವರೆಲ್ಲ ನನ್ನ ಜೊತೆಗೇ ಅವರ ಕಡೆ ತಿರುಗಿದರು, ಪತ್ರಿಕೆಯವರ ಪೆನ್ನೂ ಸೇರಿ. ಅವರು ಬೆವರು ಒರೆಸಿಕೊಂಡು, "ಒಂದು ತೊಟ್ಟಿ ಕಟ್ಟಿಸಿ ಪೈಪ್ ಎಳೆಸ್ತೀನಿ, ಆಯ್ತಲ್ಲ" ಎಂದರು. ಪುಡಿಯ ಮೂಟೆಗಳು ಬಂದ ಜೀಪಿನಲ್ಲೇ ವಾಪಸ್ಸು ಹೋದವು.

ಹೇಮಾಳ ಥೀಸಿಸ್ ಒಂದು ವರ್ಷ ತಡವಾಯಿತು. ಹಸಿರು ಸಾಯುತ್ತದೆ ಎಂದು ಬರೆಯಬೇಕಿದ್ದವಳು, ಸತ್ತ ಹಸಿರಿನಿಂದ ನೀರಿಗೆ ಎಷ್ಟು ವಿಷ ಇಳಿಯುತ್ತದೆ ಎಂದು ಬರೆದಳು. ದೊಡ್ಡ ಯಂತ್ರ ಇರುವ ಲ್ಯಾಬಿಗೆ ಕಳಿಸಿದ ನೀರಿನಲ್ಲೂ ಆ ವಿಷವೇ ಸಿಕ್ಕಿತು. ಈಗ ಅವಳು ದೊಡ್ಡ ಮೇಡಂ. ತನ್ನ ವಿದ್ಯಾರ್ಥಿಗಳಿಗೆ ಸೋಸಿದ ನೀರು ಚೆಲ್ಲಲು ಬಿಡುವುದಿಲ್ಲವಂತೆ.

ತೊಟ್ಟಿ ತುಂಬಿದ್ದು ಮುಂಗಾರಿಗೆ ಸ್ವಲ್ಪ ಮುಂಚೆ. ಕಾರ್ಪೊರೇಟರ್ ಮಾತು ಉಳಿಸಿಕೊಳ್ಳಲಿ ಎಂದು ಮೇಷ್ಟ್ರು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. ನೀರು ಬಿಡುವ ದಿನ ನಾನೂ ಹೇಮಾಳೂ ಹೋಗಿದ್ದೆವು. ಸಿಮೆಂಟಿನ ಹೊಸ ತೊಟ್ಟಿ, ತಳ ಕಾಣುವ ಹಾಗೆ ನೀರು. ದನದವರೆಲ್ಲ ಬಂದಿದ್ದರು, ಆದರೆ ಒಬ್ಬರೂ ಹತ್ತಿರ ಹೋಗಲೊಲ್ಲರು. ತಿಳಿ ನೀರು ನಂಬಬೇಡಿ ಎಂದು ಮೈಕು ಹಿಡಿದು ಕೂಗಿದವನು ನಾನೇ ತಾನೆ? ಕೆಂಪಮ್ಮ ಎಮ್ಮೆಯ ಹಗ್ಗವನ್ನು ಕೈಗೆ ಎರಡು ಸುತ್ತು ಬಿಗಿದುಕೊಂಡು ನನ್ನ ಮುಖ ನೋಡಿದಳು.

"ಇದು ಎಲ್ಲಿ ನೀರು?"

"ಕಾವೇರಿ ನೀರು ಕಣಮ್ಮ. ನಮ್ಮನೆ ನಲ್ಲೀಲಿ ಬರೋದೇ."

"ಮೊದ್ಲು ನೀನ್ ಕುಡಿ."

ಹೇಮಾ ನಕ್ಕಳು. ನಾನು ನಗಲಿಲ್ಲ, ಕೆಂಪಮ್ಮ ಕೇಳಿದ್ದರಲ್ಲಿ ತಪ್ಪೇನಿತ್ತು? ಪಂಚೆ ಮೇಲಕ್ಕೆ ಕಟ್ಟಿ, ಬಾಗಿ, ಎರಡೂ ಕೈ ಜೋಡಿಸಿ ಮೊಗೆದು ಅವರೆಲ್ಲ ನೋಡುತ್ತಿದ್ದ ಹಾಗೆಯೇ ಕುಡಿದೆ. ಮತ್ತೊಂದು ಬೊಗಸೆ ಕುಡಿದೆ. ಕೆಂಪಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಹಗ್ಗ ಸಡಿಲ ಬಿಟ್ಟಳು. ಎಮ್ಮೆ ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದು ತೊಟ್ಟಿಗೆ ಮೂತಿ ಇಟ್ಟಿತು, ನೀರು ಅರ್ಧ ಆಗುವವರೆಗೆ ಎತ್ತಲಿಲ್ಲ.